ಬ್ಯಾಂಕಿನ ಮುಯ್ಯಾಳು

ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿಯೊಂದರ ಮಾಳಿಗೆಯ ಮೇಲೆ ಒಂದು ಬ್ಯಾಂಕಿತ್ತು. ಹೆಸರು ಕೇಳಿದರೆ ಎದೆ ಉಬ್ಬಬೇಕು, ಲೋಕಸೌಕರ್ಯ ಸಹಕಾರಿ ಬ್ಯಾಂಕು. ಹಳ್ಳಿಗಳಿಗೆ ಸೇತುವೆ, ಬಾವಿ, ರಸ್ತೆ ಕಟ್ಟಿಸಿಕೊಡಲೆಂದೇ ಅರ್ಧ ಸರಕಾರ, ಅರ್ಧ ಸುತ್ತಲಿನ ಸಾಹುಕಾರರು ಹಣ ಹಾಕಿ ಹುಟ್ಟಿಸಿದ ಬ್ಯಾಂಕು. ಹುಟ್ಟಿ ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಅದು ಕಟ್ಟಿಸಿದ್ದೇನು ಎಂದು ಯಾರಾದರೂ ಕೇಳಿದರೆ, ತನ್ನ ಬಾಗಿಲಿಗೆ ಒಂದು ಹೆಸರಿನ ಪಾಟಿ ಎಂದು ಹೇಳಬೇಕಾಗಿತ್ತು. ಕೆಳಗಿನಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮೇಲೆ ಬರುತ್ತಿತ್ತು, ಮೇಲಿನಿಂದ ‘ಅರ್ಜಿ ನಾಮಂಜೂರಾಗಿದೆ’ ಎಂಬ ಕಾಗದ ಕೆಳಗೆ ಹೋಗುತ್ತಿತ್ತು.

ಆ ಕಾಗದಗಳಿಗೆ ಸಹಿ ಮಾಡುವವನು ಮ್ಯಾನೇಜರ್ ಗುರುಲಿಂಗಪ್ಪ. ಹುಕ್ಕೇರಿಯ ಕಿರಾಣಿ ವ್ಯಾಪಾರದ ಮನೆತನ, ವಯಸ್ಸು ಐವತ್ತೆರಡು, ತಲೆಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ. ನಿಯಮದ ಪುಸ್ತಕವನ್ನು ಬೇರೆಯವರು ಓದುತ್ತಾರೆ, ಇವನು ಅರೆದು ಕುಡಿದಿದ್ದ. ಹದಿನಾಲ್ಕನೆಯ ನಿಯಮವಂತೂ ನಾಲಿಗೆಯ ತುದಿಯಲ್ಲೇ ಇತ್ತು. ಬ್ಯಾಂಕಿನ ಹಣವನ್ನು ಕಲ್ಲು, ಸುಣ್ಣ, ಕಬ್ಬಿಣ ಮತ್ತು ಕಲ್ಲು ಕಟ್ಟುವ ಗೌಂಡಿಯ ಪಗಾರಕ್ಕೆ ಮಾತ್ರ ಬಳಸತಕ್ಕದ್ದು. ಕೂಲಿಗೆ, ಊಟಕ್ಕೆ, ಸಮಾರಂಭಕ್ಕೆ, ಎತ್ತಿಕೊಂಡು ಹೋಗಬಹುದಾದ ಯಾವ ವಸ್ತುವಿಗೂ ಒಂದು ಪೈಸೆ ಬಳಸಕೂಡದು. ಅಗೆಯುವ, ಹೊರುವ ದುಡಿಮೆ ಊರಿನವರದೇ.

ಒಂದೂರಿನವರು ಬಾಜಾಬಜಂತ್ರಿಗೆ ಹಣ ಕೇಳಿದರು, ಹಾಡು ಕೇಳುವುದೂ ಲೋಕದ ಸೌಕರ್ಯವೇ ಎಂದು ವಾದಿಸಿದರು. ಇನ್ನೊಂದೂರಿನವರು ತಾಲೀಮು ಮನೆಗೆ ಕಲ್ಲುಗುಂಡು ಕೇಳಿದರು. ಗುಂಡು ಕಲ್ಲಿನದಾದರೂ ಎತ್ತಲೆಂದೇ ಇರುವ ವಸ್ತು ಎಂದು ಗುರುಲಿಂಗಪ್ಪ ಮೂರು ಪುಟದ ಉತ್ತರ ಬರೆದ. ಒಳ್ಳೆಯ ಅರ್ಜಿಗಳೂ ಬಂದವು, ಕೂಲಿ ಇಲ್ಲ ಎಂದ ಕೂಡಲೇ ಅರ್ಜಿದಾರರು ಚಪ್ಪಲಿ ಮೆಟ್ಟಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಪೇಟೆಯಲ್ಲಿ ಇವನಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಅನ್ನುವವರಿಗೆ ಏನು ಗೊತ್ತು? ಬೇಡ ಎನ್ನುವಾಗ ಪೂಜಾರಿಯ ಹೊಟ್ಟೆಯೂ ಉರಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಪರರ ಹಣ ಕಾದವನು ಅವನು. ನಿವೃತ್ತಿಗೆ ಮೊದಲು ತಾನು ಕಾಲಿಟ್ಟು ದಾಟಬಲ್ಲ ಒಂದೇ ಒಂದು ಕಲ್ಲಿನ ಕೆಲಸ ಆಗಲಿ ಎಂದು ಅವನಿಗೆ ಬಹಳ ಆಸೆಯಿತ್ತು.

ರಾಜ್ಯ ಒಂದಾಗಿ ಮೂರು ವರ್ಷ ಕಳೆದ ಚಳಿಗಾಲದಲ್ಲಿ ಮೇಲವಂಕಿಯ ಹಿರಿಯ ಮಾಯಪ್ಪ ಮಾಳಿಗೆಯ ಮೆಟ್ಟಿಲು ಹತ್ತಿ ಬಂದ. ಅವನಿಗೆ ಬೇಕಾದದ್ದು ಸೇತುವೆ. ಊರಿಗೂ ಗೋಕಾಕದ ದಾರಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕೋಳಿ ದಾಟುವ ಹಳ್ಳ ಮಳೆಗಾಲದಲ್ಲಿ ಎತ್ತನ್ನೂ ಬಿಡುವುದಿಲ್ಲ. ಹಿಂದಿನ ಆಷಾಢದಲ್ಲಿ ಮಾಯಪ್ಪನ ಸೊಸೆ ಉದ್ದವ್ವನಿಗೆ ಹೆರಿಗೆ ಬೇನೆ ಶುರುವಾದಾಗ ನಾಲ್ವರು ಅವಳನ್ನು ಹೊರಸಿನ ಮೇಲೆ ಮಲಗಿಸಿ, ಎದೆಮಟ್ಟ ನೀರಿನಲ್ಲಿ ಹೆಗಲ ಮೇಲೆ ಹೊತ್ತು ದಾಟಿದ್ದರು. ಆಚೆ ದಂಡೆ ಮುಟ್ಟುವಷ್ಟರಲ್ಲಿ ಕೂಸು ಅತ್ತಿತ್ತು. ಆ ಕೂಸಿಗೆ ಹಳ್ಳೆಪ್ಪ ಎಂದೇ ಹೆಸರಿಟ್ಟಿದ್ದರು. ಇನ್ನೊಬ್ಬ ಹಳ್ಳೆಪ್ಪ ಬೇಡ ಎಂಬುದು ಮನೆಯ ಹೆಂಗಸರ ಮಾತು ಎಂದು ಮಾಯಪ್ಪ ಹೇಳಿದ.

ಗುರುಲಿಂಗಪ್ಪ ಹದಿನಾಲ್ಕನೆಯ ನಿಯಮ ಓದಿ, ಇವನೂ ಚಪ್ಪಲಿ ಹುಡುಕುತ್ತಾನೆಂದು ಕಾದ. ಮಾಯಪ್ಪ ಎದ್ದೇಳಲಿಲ್ಲ. ಕೂಲಿ ಇಲ್ಲದೆ ದುಡಿಯುವುದಕ್ಕೆ ಅಡ್ಡಿಯಿಲ್ಲ, ಆದರೆ ಯಾವ ಲೆಕ್ಕದಲ್ಲಿ ದುಡಿಯಬೇಕು ಎಂದು ಕೇಳಿದ. ಖುಷಿಯಲ್ಲಿದ್ದ ಗುರುಲಿಂಗಪ್ಪ, ಕೂಲಿ ಇಲ್ಲದ ಕೆಲಸವನ್ನು ನೀವು ನಿಮ್ಮನಿಮ್ಮೊಳಗೆ ಹೇಗೆ ಮಾಡುತ್ತೀರೋ ಹಾಗೆಯೇ ಮಾಡಿರಿ ಅಂದ.

“ನಮ್ಮ ನಮ್ಮೊಳಗ ಮಾಡಿದಂಗ?” ಅಂದ ಮಾಯಪ್ಪ.

“ಹಂಗ. ಊರಿನ ರೂಢಿ ಹೆಂಗೈತಿ ಹಂಗ.”

ಮಾಯಪ್ಪ ಅವನನ್ನು ಟೊಪ್ಪಿಗೆಯಿಂದ ಕಾಲಿನವರೆಗೆ ನೋಡಿ, ಬ್ಯಾಂಕಿನವರು ಇಷ್ಟು ದೊಡ್ಡ ಮನಸ್ಸಿನವರೆಂದು ಗೊತ್ತಿರಲಿಲ್ಲ ಎಂದು ಕೈಮುಗಿದ. ಕರಾರು ಪತ್ರದಲ್ಲಿ ಗುರುಲಿಂಗಪ್ಪ ಸ್ವಹಸ್ತದಿಂದ ‘ದುಡಿಮೆಯು ಕೂಲಿ ಇಲ್ಲದೆ, ಊರಿನ ರೂಢಿಯಂತೆ’ ಎಂದು ಬರೆದ. ಆ ಸಾಲು ಎಷ್ಟು ಚೆನ್ನಾಗಿ ಬಂತೆಂದು ಗುಮಾಸ್ತ ಶಿದ್ರಾಮನಿಗೆ ಎರಡು ಸಲ ಓದಿ ಹೇಳಿದ. ಶಿದ್ರಾಮ ಅವನಿಗಿಂತ ಎರಡು ವರ್ಷ ಹಿರಿಯ, ಪೇಟೆಯಲ್ಲೇ ಹುಟ್ಟಿ ಪೇಟೆಯಲ್ಲೇ ಬೆಳೆದವನು. ಅವನೂ ತಲೆದೂಗಿದ.

ಇಬ್ಬರಲ್ಲಿ ಒಬ್ಬನಾದರೂ ಹೊಲ ಕಂಡವನಾಗಿದ್ದರೆ ಆ ಸಾಲು ಬರೆಯುವ ಮೊದಲು ಬೆವರುತ್ತಿದ್ದ. ಆ ಕಡೆಯ ಊರುಗಳಲ್ಲಿ ಕೂಲಿ ಇಲ್ಲದ ಕೆಲಸಕ್ಕೆ ಇರುವುದು ಒಂದೇ ರೂಢಿ, ಮುಯ್ಯಾಳು. ಇವತ್ತು ನನ್ನ ಹೊಲದಲ್ಲಿ ನೀನು ಒಂದು ದಿನ ದುಡಿದರೆ, ನಾಳೆ ನಿನ್ನ ಹೊಲದಲ್ಲಿ ನಾನು ಒಂದು ದಿನ ದುಡಿಯಬೇಕು. ಆಳಿಗೆ ಆಳು, ದಿನಕ್ಕೆ ದಿನ.

ಸಂಕ್ರಮಣ ಮುಗಿದ ಮೇಲೆ ಕೆಲಸ ಶುರುವಾಯಿತು. ಎರಡು ಕಮಾನಿನ ಸೇತುವೆ, ಗೌಂಡಿ ಪರಸಪ್ಪ. ಗುರುಲಿಂಗಪ್ಪ ಎರಡು ದಿನಕ್ಕೊಮ್ಮೆ ಬಸ್ಸಿಳಿದು ನಡೆದು ಬಂದು ನೋಡುತ್ತಿದ್ದ. ಐದಾರು ಮಂದಿ ಅಗೆಯುತ್ತಿದ್ದರು, ಹೊರುತ್ತಿದ್ದರು. ಅವನಿಗೆ ಕಣ್ಣು ತುಂಬಿ ಬಂದು, ಶ್ರಮದಾನದ ಹಿರಿಮೆಯ ಬಗ್ಗೆ ಕಲ್ಲಿನ ಮೇಲೆ ನಿಂತು ಭಾಷಣ ಮಾಡುತ್ತಿದ್ದ. ದಾನ ಎಂಬ ಮಾತು ಬಂದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಪಾಪ, ಓದಿದವರು ಹೀಗೆಯೇ ಮಾತಾಡುತ್ತಾರೆ ಎಂದು ಸುಮ್ಮನಾಗುತ್ತಿದ್ದರು. ಮಾಯಪ್ಪನ ತಾಯಿ ರಾಯವ್ವ, ಎಪ್ಪತ್ತು ದಾಟಿದ ಮುದುಕಿ, ದಂಡೆಯ ಮೇಲೆ ಗಡಿಗೆ ಇಟ್ಟುಕೊಂಡು ಕೂತಿರುತ್ತಿದ್ದಳು. ಬಂದ ಆಳಿಗೊಂದರಂತೆ ದಿನವೂ ಹುಣಸೆ ಬೀಜ ಎಣಿಸಿ ಗಡಿಗೆಯೊಳಗೆ ಹಾಕುತ್ತಿದ್ದಳು. ಮುದುಕಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡಿದ್ದ ಗುರುಲಿಂಗಪ್ಪ.

ಫೆಬ್ರುವರಿ ಕೊನೆಗೆ ಮೊದಲ ಕಮಾನು ಏಳುವಾಗ ಆ ಗಡಿಗೆ ಮಾಳಿಗೆಯ ಮೆಟ್ಟಿಲು ಹತ್ತಿ ಬ್ಯಾಂಕಿಗೆ ಬಂತು. ರಾಯವ್ವ ಅದನ್ನು ಮ್ಯಾನೇಜರನ ಮೇಜಿನ ಮೇಲೆ ನಿಯಮದ ಪುಸ್ತಕದ ಬಾಜೂಕ್ಕೆ ಇಟ್ಟು, ಏದುಸಿರು ಬಿಡುತ್ತ ಕುರ್ಚಿಯ ಮೇಲೆ ಕೂತಳು. ನೂರಾ ಎಂಬತ್ತು ಬೀಜ ಆಗಿವೆ, ಎಣಿಸಿಕೊಳ್ಳಬಹುದು ಅಂದಳು. ಊರಲ್ಲಿ ಜೋಳ ಕೀಳುವ ಸುಗ್ಗಿ ಬಂದಿದೆ, ಮೊದಲ ಸರದಿ ಹಳ್ಳದಲ್ಲಿ ದುಡಿದ ಕೇದಾರಿಯ ಹೊಲದ್ದು.

“ನಾಳಿಗಿ ನಿಮ್ಮ ಬ್ಯಾಂಕಿನ ಮಂದೀನ ಕಳಸ್ರಿ. ಹೊತ್ತು ಏಳೂದ್ರೊಳಗ ಹೊಲಕ್ಕ ಬರಬೇಕು.”

ಗುರುಲಿಂಗಪ್ಪನಿಗೆ ವಿಷಯ ತಿಳಿಯಲು ಕಾಲು ತಾಸು ಹಿಡಿಯಿತು. ತಿಳಿದ ಮೇಲೆ ನೀರು ಕುಡಿಯಲು ಇನ್ನೊಂದು ಕಾಲು ತಾಸು. ತನ್ನದೇ ಕೈಬರಹದ ಸಾಲನ್ನು ಹಿಂದೆ ಮುಂದೆ ತಿರುಗಿಸಿ ಓದಿದ. ಬೇರೆ ಅರ್ಥ ಅದರಿಂದ ಹೊರಡಲಿಲ್ಲ. ಆಮೇಲೆ ಕೂಲಿಯವರನ್ನು ಹಿಡಿದು ಕಳಿಸಿದರೆ ಹೇಗೆ ಎಂದು ಕೇಳಿದ. ಬ್ಯಾಂಕಿನ ಹಣ ಮುಟ್ಟುವುದಿಲ್ಲ, ತನ್ನ ಪಗಾರದಿಂದಲೇ ಕೊಡುತ್ತೇನೆ ಎಂದ. ರಾಯವ್ವನಿಗೆ ಸಿಟ್ಟು ಬಂತು. ಮುಯ್ಯಿ ಮಾರಾಟದ ಮಾಲಲ್ಲ, ದುಡಿಸಿಕೊಂಡವರೇ ಬರಬೇಕು, ಇಲ್ಲವೇ ಅವರ ಮನೆಯವರು ಬರಬೇಕು, ಬಾಡಿಗೆಯ ಕೈ ನಡೆಯುವುದಿಲ್ಲ ಎಂದಳು. ಬ್ಯಾಂಕು ಬರದಿದ್ದರೆ ಯಾರೂ ಜಗಳ ಆಡುವುದಿಲ್ಲ, ಬೈಯುವುದೂ ಇಲ್ಲ, ಆದರೆ ಹಳ್ಳದ ಕೆಲಸಕ್ಕೆ ಮಾತ್ರ ಒಂದು ಕೈಯೂ ಏಳುವುದಿಲ್ಲ. ಇಷ್ಟು ಹೇಳಿ ಗಡಿಗೆ ಎತ್ತಿಕೊಂಡು ಹೋದಳು.

ಅರ್ಧ ಕಮಾನು ಹಳ್ಳದಲ್ಲಿ ಬಾಯಿ ತೆರೆದು ನಿಂತಿತ್ತು. ಜೂನಿನಲ್ಲಿ ಮಳೆ ಬರುವುದು ಖರೆ. ಅದರ ಮೇಲೆ ಇಪ್ಪತ್ತೆರಡನೆಯ ನಿಯಮ ಬೇರೆ ಇತ್ತು. ಏಪ್ರಿಲ್ ಮೂವತ್ತರೊಳಗೆ ಊರಿನ ಪಾಲಿನ ದುಡಿಮೆ ಮುಗಿದು, ‘ಈ ಕೆಲಸದ ಬಾಬತ್ತು ಬ್ಯಾಂಕಿನ ಮೇಲೆ ಯಾವ ತರಹದ ಋಣವೂ ಇರುವುದಿಲ್ಲ’ ಎಂದು ಮ್ಯಾನೇಜರು ಬರೆದುಕೊಡದಿದ್ದರೆ ಕೊನೆಯ ಕಂತು ಸರಕಾರಕ್ಕೆ ವಾಪಸು. ಕಮಾನಿನ ಮೇಲಿನ ಸುಣ್ಣದ ಗಚ್ಚು, ಬದಿಯ ಗೋಡೆ ಎಲ್ಲ ಆ ಕಂತಿನ ಮೇಲೆ ನಿಂತಿದ್ದವು. ಗಚ್ಚು ಬೀಳದ ಕಮಾನು ಮೊದಲ ಮಹಾಪೂರಕ್ಕೇ ಬೆಲ್ಲದಂತೆ ಕರಗಿ ಹೋಗುತ್ತದೆ ಎಂದು ಗೌಂಡಿ ಪರಸಪ್ಪ ಸಮಾಧಾನವಾಗಿಯೇ ಹೇಳಿದ್ದ.

ಬೆಳಗಾವಿಯ ಮೇಲಿನ ಕಚೇರಿಗೆ ಗುರುಲಿಂಗಪ್ಪ ಅವಸರದ ಪತ್ರ ಬರೆದ. ಉತ್ತರವೂ ಬೇಗ ಬಂತು. ಬ್ಯಾಂಕಿನ ನೌಕರರನ್ನು ಕಚೇರಿಯ ವೇಳೆಯಲ್ಲಿ ಜೋಳ ಕೀಳಲು ಕಳಿಸುವುದು ನಿಯಮಬಾಹಿರ, ರವಿವಾರ ಅವರು ಏನು ಕೀಳುತ್ತಾರೆ ಎಂಬುದು ಈ ಕಚೇರಿಗೆ ಸಂಬಂಧಿಸಿದ್ದಲ್ಲ ಎಂದಿತ್ತು. ಬ್ಯಾಂಕಿನ ನೌಕರರೆಂದರೆ ಅವನು ಮತ್ತು ಶಿದ್ರಾಮ. ನೂರಾ ಎಂಬತ್ತು ದಿನವನ್ನು ಇಬ್ಬರು ರವಿವಾರಕ್ಕೊಮ್ಮೆ ತೀರಿಸುತ್ತ ಹೋದರೆ ಮುಗಿಯುವಷ್ಟರಲ್ಲಿ ಇನ್ನೆರಡು ಮಳೆಗಾಲ ಕಳೆದು ಹಳ್ಳೆಪ್ಪ ಊರೆಲ್ಲ ಓಡಾಡುವ ಹೊತ್ತಾಗುತ್ತಿತ್ತು.

ಆ ಮಧ್ಯಾಹ್ನ ಊಟ ಸೇರಲಿಲ್ಲ. ಹೆಂಡತಿ ಕಾಶೆವ್ವ ಕಾರಣ ಕೇಳಿದಳು. ಕಾಶೆವ್ವ ಕೊಣ್ಣೂರಿನ ಒಕ್ಕಲುತನದ ಮನೆಯ ಮಗಳು. ಮೂವತ್ತು ವರ್ಷದ ಹಿಂದೆ ಕಿರಾಣಿ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳ ಕೈ ಮಣ್ಣು ಮುಟ್ಟಿರಲಿಲ್ಲ. ಗಂಡನ ಸಂಕಟ ಕೇಳಿ ಮೊದಲು ಅವಳು ಸೆರಗು ಬಾಯಿಗೆ ಹಿಡಿದು ಸಾಕಾಗುವಷ್ಟು ನಕ್ಕಳು. ರೊಟ್ಟಿ ತಾಟಿಗೆ ಹಾಕಿ, ಆಮೇಲೆ ಕೇಳಿದಳು.

“ನಿಮ್ಮ ಪುಸ್ತಕದಾಗ ಬ್ಯಾಂಕು ಅಂದ್ರ ಯಾರಂತ ಬರದೈತಿ?”

ಗುರುಲಿಂಗಪ್ಪ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದ. ಎರಡನೆಯ ನಿಯಮ, ಬ್ಯಾಂಕು ಎಂದರೆ ಅದರ ಸಮಸ್ತ ಶೇರುದಾರ ಸದಸ್ಯರು. ಹೇಳಿ ಮುಗಿಸುತ್ತಿದ್ದಂತೆ ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೇರಿ ನೂರಾ ನಲವತ್ತು ಸದಸ್ಯರಿದ್ದರು. ಬಟ್ಟೆ ಅಂಗಡಿಯವರು, ದಲಾಲರು, ವಕೀಲರು, ಇಬ್ಬರು ವೈದ್ಯರು. ವಾರ್ಷಿಕ ಮಹಾಸಭೆಯನ್ನು ಕಾರ್ಯಕ್ಷೇತ್ರದೊಳಗಿನ ಯಾವುದೇ ಅನುಕೂಲ ಸ್ಥಳದಲ್ಲಿ ಕರೆಯಬಹುದು ಎಂದು ಮೂವತ್ತೊಂದನೆಯ ನಿಯಮ ಹೇಳುತ್ತಿತ್ತು. ಹೊಲವೂ ಒಂದು ಸ್ಥಳವೇ.

ಮರುದಿನ ನೂರಾ ನಲವತ್ತು ನೋಟೀಸು ಅಂಚೆಗೆ ಬಿದ್ದವು. ವಾರ್ಷಿಕ ಮಹಾಸಭೆಯು ರವಿವಾರ ಬೆಳಿಗ್ಗೆ ಮೇಲವಂಕಿಯ ಕೇದಾರಿಯವರ ಜೋಳದ ಹೊಲದಲ್ಲಿ ಜರುಗುವುದು. ವಿಷಯಗಳು: ವರದಿ ಒಪ್ಪುವುದು, ಸೇತುವೆಯ ಪರಿಶೀಲನೆ, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು.

ಸಭೆಗೆ ತೊಂಬತ್ತು ಮಂದಿ ಬಂದರು. ಬೀಗರ ಊಟಕ್ಕೆ ಹೊರಟವರಂತೆ ಮಡಿಚಿದ ಬಿಳಿ ಬಟ್ಟೆ ತೊಟ್ಟು ಚಕ್ಕಡಿ, ಸೈಕಲ್ಲು, ಬಸ್ಸುಗಳಲ್ಲಿ ಬಂದರು. ಅಧ್ಯಕ್ಷ ಅಪ್ಪಣ್ಣ ಮೂಡಲಗಿಯ ದಲಾಲಿ ಅಂಗಡಿಯ ಸಾಹುಕಾರ. ಹೊಟ್ಟೆ ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು. ವರ್ಷವೂ ಬಸವ ಜಯಂತಿಗೆ ಕಾಯಕದ ಮೇಲೆ ಒಂದು ತಾಸು ಭಾಷಣ ಮಾಡುವ ಪರಿಪಾಠ ಅವನದು. ವರದಿಯನ್ನು ಹೊಲದ ಬದುವಿನ ಮೇಲೆ ಐದು ನಿಮಿಷದಲ್ಲಿ ಒಪ್ಪಿದರು. ಸೇತುವೆ ನೋಡಿ ಬಂದರು. ಇತರ ವಿಷಯ ಏನೆಂದು ಅಪ್ಪಣ್ಣ ಕೇಳಿದಾಗ ಗುರುಲಿಂಗಪ್ಪ ಎದ್ದು ನಿಂತು, ಕರಾರು ಪತ್ರದ ಸಾಲು ಓದಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡು, ಎದುರಿನ ಹೊಲದ ಕಡೆ ಕೈ ತೋರಿಸಿದ.

ಒಬ್ಬ ವಕೀಲ, ಸದಸ್ಯರ ಹೊಣೆ ಶೇರಿನ ಮೊತ್ತಕ್ಕೆ ಸೀಮಿತ ಎಂದು ಶುರು ಮಾಡಿದ. ಅಷ್ಟರಲ್ಲಿ ರಾಯವ್ವ ಬಂದು ಅಪ್ಪಣ್ಣನ ಮುಂದೆ ನಿಂತಳು. ಸಾಹುಕಾರರ ಕಾಯಕದ ಭಾಷಣವನ್ನು ಹೋದ ವರ್ಷ ಮೂಡಲಗಿಗೆ ಹೋಗಿದ್ದಾಗ ಕೇಳಿದ್ದೇನೆ, ಬಹಳ ಚಂದ ಹೇಳಿದಿರಿ ಎಂದಳು. ಖರೆಯಾಗಿಯೇ ಹೇಳಿದ್ದಳು, ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಅದೇ ಅಪ್ಪಣ್ಣನಿಗೆ ತಪ್ಪಿಸಿಕೊಳ್ಳಲಾರದಂತೆ ಮಾಡಿತು. ಅವನು ಅಂಗಿಯ ತೋಳು ಮಡಿಚಿದ. ಅಧ್ಯಕ್ಷರು ಹೊಲಕ್ಕಿಳಿದ ಮೇಲೆ ಸದಸ್ಯರು ಬದುವಿನ ಮೇಲೆ ನಿಂತರೆ ಚಂದವೇ?

ಜೋಳ ಕೀಳುವುದು ನೋಡುವವರಿಗೆ ಸುಲಭ. ದಂಟನ್ನು ಬುಡದಲ್ಲಿ ಹಿಡಿದು, ಸೊಂಟದ ಬಲ ಹಾಕಿ ಬೇರು ಸಮೇತ ಎಳೆಯಬೇಕು, ಮಣ್ಣು ಕೊಡವಿ ಸಾಲಿಗೆ ಹಾಕಬೇಕು. ಎರೆಮಣ್ಣು ತನ್ನದನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಬಟ್ಟೆ ಅಂಗಡಿಯವನೊಬ್ಬ ದಂಟು ಎಳೆದ ರಭಸಕ್ಕೆ ಹಿಂದೆ ಬಿದ್ದು ಇನ್ನಿಬ್ಬರನ್ನು ಬೀಳಿಸಿದ. ವಕೀಲ ಈ ಸಾಲಿನ ಮಣ್ಣೇ ಗಟ್ಟಿ ಇದೆ ಎಂದು ತಕರಾರು ತೆಗೆದ, ಕುಣಿಯಲಾರದವಳು ನೆಲ ಡೊಂಕು ಎಂದಂತೆ. ಗುರುಲಿಂಗಪ್ಪನ ಅಂಗೈಯಲ್ಲಿ ಒಂದು ತಾಸಿನೊಳಗೆ ನಾಲ್ಕು ಬೊಬ್ಬೆ ಎದ್ದವು. ಬೆವರು ಒರೆಸಿ ತಲೆ ಎತ್ತಿದರೆ ಅವನ ಮುಂದೆ ಹತ್ತು ಮಾರು ದೂರದಲ್ಲಿ ಒಬ್ಬ ಹೆಂಗಸು ಕಚ್ಚೆ ಬಿಗಿದು, ಎರಡೂ ಕೈಯಲ್ಲಿ ಜೋಳ ಕೀಳುತ್ತ ಸರಸರನೆ ಸಾಗಿದ್ದಳು. ಊರಿನ ಹೆಂಗಸರೇ ಕೆಲಸ ಬಿಟ್ಟು ಅವಳನ್ನು ನೋಡುತ್ತಿದ್ದರು. ಅದು ಕಾಶೆವ್ವ ಎಂದು ಅವನಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಮೂವತ್ತು ವರ್ಷ ಜೊತೆಗೆ ಬಾಳಿ ಈ ಹೆಂಗಸನ್ನು ತಾನು ನೋಡೇ ಇರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಮಧ್ಯಾಹ್ನ ಊರಿನವರು ಊಟ ತಂದರು. ಕಟಕ್ ರೊಟ್ಟಿ, ಝುಣಕ, ಎಣ್ಣೆ ಬದನೆಕಾಯಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ, ಗಟ್ಟಿ ಮೊಸರು. ಪೇಟೆಯವರು ಹಾಗೆ ಉಂಡದ್ದನ್ನು ಪೇಟೆಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಹೊತ್ತು ಮುಳುಗಿದಾಗ ರಾಯವ್ವ ಗಡಿಗೆ ತಂದು ಲೆಕ್ಕ ಹೇಳಿದಳು. ಬಿಳಿ ಬಟ್ಟೆಯವರು ಇಬ್ಬರು ಕೂಡಿದರೆ ಒಂದು ಆಳು, ತೊಂಬತ್ತಕ್ಕೆ ನಲವತ್ತೈದು ಬೀಜ. ಕಾಶೆವ್ವನ ಪಾಲಿಗೆ ಬೇರೆಯೇ ಒಂದು ಪೂರಾ ಬೀಜ ತೆಗೆದಳು. ಅಪ್ಪಣ್ಣ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು, ಸಭೆಯ ಕೆಲಸ ಮುಗಿಯದ ಕಾರಣ ಮುಂದಿನ ರವಿವಾರಕ್ಕೆ ಮಾಯಪ್ಪನ ಹೊಲಕ್ಕೆ ಮುಂದೂಡಲಾಗಿದೆ ಎಂದು ಘೋಷಿಸಿದ. ಝುಣಕದ ರುಚಿ ಪೇಟೆಯಲ್ಲಿ ಹಬ್ಬಿದ ಮೇಲೆ ಮುಂದಿನ ಸಭೆಗೆ ಬಂದವರು ನೂರಾ ಹತ್ತು ಮಂದಿ.

ಬ್ಯಾಂಕಿನ ಕೈ ಎದ್ದದ್ದು ಕಂಡು ಊರಿನ ಕೈಯೂ ಎದ್ದಿತು. ಜೋಳ ಮುಗಿದು ಗೋದಿ, ಗೋದಿ ಮುಗಿದು ಕಡಲೆ, ಮಹಾಸಭೆ ಐದು ಸಲ ಮುಂದೂಡಲ್ಪಟ್ಟಿತು. ಅತ್ತ ಎರಡನೆಯ ಕಮಾನು ಏರಿತು, ಇತ್ತ ಗಡಿಗೆಗೆ ಬೀಜ ಬೀಳುತ್ತ, ಗಡಿಗೆಯಿಂದ ಏಳುತ್ತ ಇದ್ದವು. ಏಪ್ರಿಲ್ ಇಪ್ಪತ್ತರ ಹೊತ್ತಿಗೆ ಊರಿನ ಪಾಲಿನ ಕೆಲಸ ಮುಗಿದಿತ್ತು. ಉಳಿದದ್ದು ಗಚ್ಚು ಮತ್ತು ಬದಿಗೋಡೆ, ಅದು ಗೌಂಡಿಯದು, ಕೊನೆಯ ಕಂತಿನದು. ಗಡಿಗೆಯಲ್ಲಿ ಉಳಿದದ್ದು ಒಂದು ಬೀಜ.

ಅದನ್ನು ತೀರಿಸಲೆಂದು ಗುರುಲಿಂಗಪ್ಪ ಹೆಂಡತಿಯೊಡನೆ ಮುಂದಿನ ರವಿವಾರ ಮೇಲವಂಕಿಗೆ ಹೋದ. ಮಾಯಪ್ಪನ ಹೊಲಕ್ಕೆ ಹೋದರೆ ನೆರಳಿನಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಕೇದಾರಿಯ ತೋಟಕ್ಕೆ ಹೋದರೆ ಅಲ್ಲಿಯೂ ಮಜ್ಜಿಗೆ. ನಾಲ್ಕನೆಯ ಮಜ್ಜಿಗೆಯ ಹೊತ್ತಿಗೆ ಹೊಟ್ಟೆ ಗುಡುಗುಡು ಅನ್ನತೊಡಗಿತು. ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡ ಅವನಿಗೆ ಕಾಶೆವ್ವನೇ ಬಿಡಿಸಿ ಹೇಳಿದಳು. ಮುಯ್ಯಾಳಿನ ಕೊನೆಯ ದಿನವನ್ನು ಯಾರೂ ತೀರಿಸಿಕೊಳ್ಳುವುದಿಲ್ಲ. ಒಂದು ದಿನ ಬಾಕಿ ಇದ್ದರೇ ಎರಡು ಮನೆಗಳ ನಡುವೆ ಹಾದಿ ಇರುತ್ತದೆ. ಕೊಣ್ಣೂರಿನಲ್ಲಿ ಅವಳ ಅಪ್ಪನಿಗೂ ಬಾಜೂ ಹೊಲದವನಿಗೂ ಬದುವಿನ ಜಗಳ ಆದಾಗ, ಆ ಮನುಷ್ಯ ಬಾಯಿಬಿಡದೆ ಬೆಳಿಗ್ಗೆ ಬಂದು, ಬಾಕಿ ಇದ್ದ ಒಂದು ದಿನ ದುಡಿದು, ಬಾಯಿಬಿಡದೆ ಹೋಗಿದ್ದ. ಅಂದಿನಿಂದ ಆ ಎರಡು ಮನೆಗಳಲ್ಲಿ ಒಬ್ಬರ ನೀರು ಒಬ್ಬರು ಕುಡಿದಿಲ್ಲ.

ಗುರುಲಿಂಗಪ್ಪನಿಗೆ ಇಪ್ಪತ್ತೆರಡನೆಯ ನಿಯಮ ನೆನಪಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸುಳ್ಳು ಸಾಲಿಗೆ ಸಹಿ ಹಾಕಿದವನಲ್ಲ ಅವನು. ಒಂದು ಹುಣಸೆ ಬೀಜವನ್ನು ಬೆಳಗಾವಿಯ ಅಧಿಕಾರಿ ಕಾಣಲಾರ. ಆದರೆ ಯಾವ ತರಹದ ಋಣವೂ ಇಲ್ಲ ಎಂದು ಬರೆಯಬೇಕಾದ ಕೈ ತನ್ನದು, ಇದೆ ಎಂದು ತನಗೆ ಗೊತ್ತು. ಸೇತುವೆ ಬೇಕಾದರೆ ಬೀಜ ತೆಗೆಸಬೇಕು, ಬೀಜ ತೆಗೆಸಿದರೆ ಇಷ್ಟು ಜನರ ಮುಖಕ್ಕೆ ಬಾಗಿಲು ಹಾಕಿದಂತೆ. ತಪಾಸಣೆಯ ಅಧಿಕಾರಿ ಗುರುವಾರ ಬರುವವನಿದ್ದ.

ಬುಧವಾರ ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿ ರಾಯವ್ವನ ಮನೆಯ ಕಟ್ಟೆಯ ಮೇಲೆ ಕೂತ. ನಿಯಮ ಹೇಳಿ, ಕೊನೆಯ ದಿನವನ್ನು ಹೇಗಾದರೂ ತೀರಿಸಿಕೊಳ್ಳಬೇಕು ಎಂದು ಕೇಳಿದ. ಮುದುಕಿ ಎದ್ದಳು. ಒಳಗೆ ಹೋಗಿ ಗಡಿಗೆ ತಂದು ಅವನ ಮುಂದಿಟ್ಟಳು.

“ನಮ್ಮಿಂದ ಏನ ತಪ್ಪಾತ್ರಿ?” ಅಂದಳು.

ಅವನು, ತಪ್ಪೇನೂ ಆಗಿಲ್ಲ, ಬ್ಯಾಂಕು ಕಾಗದದ ಮೇಲೆ ಹುಟ್ಟಿದ್ದು, ಅದಕ್ಕೆ ನೆಂಟರು ಇಷ್ಟರು ಇರಬಾರದೆಂದು ಕಾಯಿದೆ ಇದೆ ಎಂದು ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಆ ಮಾತೇ ಅವನಿಗೆ ದಾರಿ ತೋರಿಸಿತು. ಕಾಯಿದೆ ಇರುವುದು ಬ್ಯಾಂಕಿಗೆ, ಅವನಿಗಲ್ಲ. ಗಡಿಗೆಯೊಳಗೆ ಕೈ ಹಾಕಿ ಬೀಜವನ್ನು ತೆಗೆದು ಮುದುಕಿಯ ಅಂಗೈಯಲ್ಲಿಟ್ಟ.

“ಬ್ಯಾಂಕಿಂದು ತೀರಿತು ಅಂತ ತಿಳೀರಿ. ಈ ಒಂದು ದಿನ ನನ್ನ ಮನೀದು. ಗುರುಲಿಂಗಪ್ಪ ನಿಮಗ ಕೊಡಬೇಕು.”

ರಾಯವ್ವ ಬೀಜವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ನೀವು ಬದಲಿಯಾಗಿ ಹೋದರೆ, ನೌಕರಿ ಮುಗಿದರೆ ಆಗಲೂ ಇದು ನಿಮ್ಮದೇ ಅಲ್ಲವೇ ಎಂದು ಕೇಳಿದಳು. ಅವನು ಹೌದೆಂದ. ಆಮೇಲೆ ಅವಳು ಬೀಜವನ್ನು ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡು, ಬಂದದ್ದೇ ಬಂದಿರಿ, ಮಜ್ಜಿಗೆ ಕುಡಿದು ಹೋಗಿರಿ ಎಂದಳು.

ಗುರುವಾರ ತಪಾಸಣೆಯ ಅಧಿಕಾರಿ ಕೊಡೆ ಹಿಡಿದುಕೊಂಡು ಬಂದ. ಕಮಾನುಗಳನ್ನು ಅಳೆದ, ಕಲ್ಲು ತಟ್ಟಿ ನೋಡಿದ. ಕೂಲಿ ಎಷ್ಟು ಕೊಟ್ಟಿರಿ, ಯಾವ ರೂಪದಲ್ಲಿ ಕೊಟ್ಟಿರಿ ಎಂದು ಅನುಮಾನದಿಂದ ಕೇಳಿದ, ಮಹಾಸಭೆಯ ಸುದ್ದಿ ಬೆಳಗಾವಿಗೂ ಮುಟ್ಟಿತ್ತು. ಗುರುಲಿಂಗಪ್ಪ ಬಾಯಿ ತೆರೆಯುವ ಮೊದಲೇ ರಾಯವ್ವ ಮುಂದೆ ಬಂದಳು.

“ಕೂಲಿ? ನಮ್ಮ ಮಂದಿಗಿ ನಾವು ಕೂಲಿ ಕೊಡ್ತೇವೇನ್ರಿ? ಅವರ ಕಡಿಂದ ಕೂಲಿ ತಗೋತೇವೇನು?”

ಅವಳು ಹೇಳಿದ ನಮ್ಮ ಮಂದಿಯಲ್ಲಿ ತಾನೂ ಇದ್ದೇನೆಂದು ತಿಳಿಯಲು ಗುರುಲಿಂಗಪ್ಪನಿಗೆ ಈ ಸಲ ಕಾಲು ತಾಸು ಬೇಕಾಗಲಿಲ್ಲ. ರಾಯವ್ವ ಗಡಿಗೆಯನ್ನು ಅಧಿಕಾರಿಯ ಮುಂದೆ ಬೋರಲು ಮಾಡಿ ತೋರಿಸಿದಳು, ಅದರಿಂದ ಒಂದು ಇರುವೆ ಮಾತ್ರ ಬಿತ್ತು. ಗುರುಲಿಂಗಪ್ಪ ಬೊಬ್ಬೆ ಒಣಗಿದ ಕೈಯಿಂದ, ಬ್ಯಾಂಕಿನ ಮೇಲೆ ಯಾವ ತರಹದ ಋಣವೂ ಇರುವುದಿಲ್ಲ ಎಂದು ಬರೆದು ಸಹಿ ಹಾಕಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಂತು ಬಂತು. ಪರಸಪ್ಪ ಗಚ್ಚು ಹಾಕಿ ಬದಿಗೋಡೆ ಎಬ್ಬಿಸಿದ ಹನ್ನೆರಡನೆಯ ದಿನಕ್ಕೆ ಮಳೆ ಬಂತು. ಹಳ್ಳ ಕೆಂಪಾಗಿ ಅಬ್ಬರಿಸಿ ಕಮಾನಿನ ಕೆಳಗೆ ಹಾದು ಹೋಗುವುದನ್ನು ಗುರುಲಿಂಗಪ್ಪ ಮೇಲೆ ನಿಂತು, ಟೊಪ್ಪಿಗೆ ತೊಯ್ಯುವವರೆಗೂ ನೋಡಿದ.

ಮುಂದಿನ ಸುಗ್ಗಿಗೆ ಅವನು ಹೆಂಡತಿಯೊಡನೆ ತನ್ನ ಒಂದು ದಿನದ ಬಾಕಿ ತೀರಿಸಲು ಬಂದ. ಕೊಡಬೇಕಾದದ್ದನ್ನು ಕೊಡದೆ ಇರಲು ಅವನಿಂದ ಆಗುತ್ತಿರಲಿಲ್ಲ, ಹುಟ್ಟು ಗುಣ. ರಾಯವ್ವ ಬೇಡ ಎನ್ನಲಿಲ್ಲ. ಬೆಳಗಿನಿಂದ ಜೋಳ ಕೀಳಿಸಿದಳು, ಉಣ್ಣಿಸಿದಳು, ಮತ್ತೆ ಕೀಳಿಸಿದಳು. ಹೊತ್ತು ಮುಳುಗಲು ಇನ್ನೂ ಎರಡು ಮಾರು ಇರುವಾಗ ಬಂದು ಅವನ ಕೈಯಲ್ಲಿದ್ದ ದಂಟು ಕಿತ್ತುಕೊಂಡು, ಇನ್ನು ಮನೆಗೆ ನಡೆಯಿರಿ ಎಂದಳು. ದಿನ ಪೂರಾ ಆಗಿಲ್ಲವಲ್ಲ ಎಂದು ಅವನು ಅಂದ. ಅದಕ್ಕೇ ಹೇಳುತ್ತಿದ್ದೇನೆ ಎಂದಳು ಮುದುಕಿ. ಹೊತ್ತು ಮುಳುಗುವವರೆಗೆ ದುಡಿಯದಿದ್ದರೆ ಅದು ದಿನದ ಲೆಕ್ಕಕ್ಕೆ ಬರುವುದಿಲ್ಲ.

ಹೀಗೆ ಏಳು ಸುಗ್ಗಿ ಕಳೆದವು. ಅವನ ನೌಕರಿ ಮುಗಿಯಿತು, ಗಂಡಹೆಂಡತಿ ಹುಕ್ಕೇರಿಗೆ ಮರಳಿದರು. ಆದರೂ ಫೆಬ್ರುವರಿ ಬಂತೆಂದರೆ ಎರಡು ಬಸ್ಸು ಬದಲಿಸಿ ಮೇಲವಂಕಿಗೆ ಬರುತ್ತಿದ್ದರು. ಎಂಟನೆಯ ವರ್ಷ ಬಂದಾಗ ರಾಯವ್ವ ಇರಲಿಲ್ಲ, ಶ್ರಾವಣದಲ್ಲಿ ತೀರಿಕೊಂಡಿದ್ದಳು. ಸುದ್ದಿ ತಿಳಿದಾಗ ಕಾಶೆವ್ವ ಒಂದು ದಿನ ಉಣ್ಣಲಿಲ್ಲ.

ಆ ಸಲವೂ ಗುರುಲಿಂಗಪ್ಪ ಸಾಲು ಹಿಡಿದ. ಅರವತ್ತು ದಾಟಿದ್ದ ಅವನ ಕೈ ಈಗ ಚೆನ್ನಾಗಿ ಪಳಗಿತ್ತು. ಮಧ್ಯಾಹ್ನ ಕಳೆಯಿತು, ನೆರಳು ಉದ್ದವಾಯಿತು. ಅವನು ಎರಡು ದಂಟಿಗೊಮ್ಮೆ ಹಿಂದೆ ತಿರುಗಿ ನೋಡತೊಡಗಿದ. ಯಾರೂ ಬರಲಿಲ್ಲ. ಊರಿನವರೆಲ್ಲ ಹೊಲದ ಆ ತುದಿಯಲ್ಲಿ ಕಿತ್ತ ದಂಟುಗಳ ಸಿವುಡು ಕಟ್ಟುತ್ತಿದ್ದರು. ಸೂರ್ಯ ಹೊಲದ ಅಂಚಿಗೆ ಬಂದ. ತಾನೇ ನಿಲ್ಲಿಸಿದರೆ ಮೈಗಳ್ಳತನ, ನಿಲ್ಲಿಸದಿದ್ದರೆ ದಿನ ತೀರುತ್ತದೆ. ತೀರಿದರೆ ಮುಂದಿನ ವರ್ಷ ಯಾವ ಮುಖ ಹೊತ್ತು ಬರುವುದು? ಮುದುಕಿಯ ಜೊತೆಗೇ ಎಲ್ಲ ಮುಗಿಯಿತೇನೋ ಎಂದು ಅವನಿಗೆ ದುಃಖ ಒತ್ತರಿಸಿ ಬಂತು. ಆದರೂ ಕೈ ನಿಲ್ಲಲಿಲ್ಲ, ಒಂದೊಂದೇ ದಂಟನ್ನು ನಿಧಾನವಾಗಿ, ಬಹಳ ನಿಧಾನವಾಗಿ ಕೀಳುತ್ತ ಹೋದ.

ಆಗ ಆ ತುದಿಯಿಂದ ಒಬ್ಬ ಹೆಂಗಸು ಸಾಲುಗಳನ್ನು ದಾಟಿ ಓಡಿ ಬಂದಳು. ಮಾಯಪ್ಪನ ಸೊಸೆ ಉದ್ದವ್ವ. ಬಂದವಳೇ ಅವನ ಕೈಯಿಂದ ದಂಟನ್ನು ಕಿತ್ತು ಒಗೆದಳು. ಓಡಿದ್ದಕ್ಕೆ ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಹೊತ್ತು ಮುಳಗಾಕತ್ತೈತಿ, ಕಣ್ಣ ಕಾಣಂಗಿಲ್ಲೇನ್ರಿ ನಿಮಗ? ಏಳ್ರಿ, ಮನಿಗಿ ನಡೀರಿ ಮೊದಲ.”

ಗುರುಲಿಂಗಪ್ಪ ಸಣ್ಣ ಹುಡುಗನಂತೆ ಬೈಸಿಕೊಂಡು ನಿಂತ. ಕಣ್ಣಲ್ಲಿ ಬಂದ ನೀರನ್ನು ಮಣ್ಣಿನ ಕೈಯಿಂದಲೇ ಒರೆಸಿಕೊಂಡ. ಕಾಶೆವ್ವ ಆಗಲೇ ಬುತ್ತಿಯ ಗಂಟು ಎತ್ತಿಕೊಂಡು ದಾರಿಯಲ್ಲಿ ಕಾಯುತ್ತಿದ್ದಳು. ಇಬ್ಬರೂ ಬಿರಬಿರನೆ ಹೆಜ್ಜೆ ಹಾಕಿ, ಹೊತ್ತು ಮುಳುಗುವ ಮೊದಲೇ ಸೇತುವೆ ದಾಟಿದರು.